ಪಿರಮಿಡ್ಡಿನ ಬಾಜೂ ಹೊಲ

ಗೆಳೆಯನನ್ನು ಬದಲಾಯಿಸುವ ವಯಸ್ಸು ದಾಟಿದ ಮೇಲೆ ಅವನ ಜೊತೆ ಪರದೇಶಕ್ಕೆ ಹೋದರೆ ಇಂಥವು ನಡೆಯುತ್ತಲೇ ಇರುತ್ತವೆ. ನಾನು ಯರಗುಪ್ಪಿಯ ನಿವೃತ್ತ ಇತಿಹಾಸ ಮಾಸ್ತರ. ಮೂವತ್ತು ವರ್ಷ ಕರಿಹಲಗೆಯ ಮೇಲೆ ಪಿರಮಿಡ್ ಬರೆದವನು. ಸಾಯುವುದರೊಳಗೆ ಒಮ್ಮೆ ಅದರ ಒಳಗೆ ಕಾಲಿಡಬೇಕು ಎಂಬುದೊಂದೇ ಆಸೆ ಉಳಿದಿತ್ತು. ನನ್ನ ಗೆಳೆಯ ಎರೆಹೊಲದ ರೈತ. ಹಳೆಯದು ಎಂದರೆ ಅವನಿಗೆ ಹೋದ ವರ್ಷದ ಕಡಲೆ. ಈಜಿಪ್ತಿಗೆ ಬರಲು ಒಪ್ಪಿದ, ಆದರೆ ಒಂದು ಷರತ್ತು ಹಾಕಿದ.

"ನಡುವ ಎಳ್ಳಮಾಸಿ ಬರ್ತೈತಿ. ಚರಗಾ ಚೆಲ್ಲಾಕ ಅಲ್ಲೊಂದು ಹೊಲಾ ತೋರಿಸಬೇಕು."

ಎಳ್ಳಮಾವಾಸ್ಯೆಯ ದಿನ ಬೆಳೆದು ನಿಂತ ಹೊಲಕ್ಕೆ ಹೋಗಿ, ಭೂತಾಯಿ ಉಣ್ಣಲಿ ಎಂದು ಅಡುಗೆಯನ್ನು ಬೆಳೆಯ ಮೇಲೆ ಎಸೆಯುವುದೇ ಚರಗ. ಅದನ್ನು ಅವನು ಒಂದು ವರ್ಷವೂ ತಪ್ಪಿಸಿದವನಲ್ಲ.

"ಊರಾಗ ನಿನ್ನ ಮಗ ಚೆಲ್ತಾನಲ್ಲೋ?" ಎಂದೆ.

"ಅವ ತನ್ನ ಕಾಲ ಕೆಳಗಿನ ನೆಲಕ್ಕ ಹಾಕ್ತಾನ. ನನ್ನ ಕಾಲ ಕೆಳಗಿನ ನೆಲಕ್ಕ ಯಾರು ಹಾಕಬೇಕು?"

ಪ್ರಶ್ನೆ ಕೇಳಿಯೇ ಪಗಾರ ತಿಂದ ನಾನು ಷರತ್ತಿಗೆ ಒಪ್ಪಿ ಎರಡು ಟಿಕೀಟು ತೆಗೆಸಿದೆ.

ವಿಮಾನದಲ್ಲಿ

ಕಿಟಕಿಯ ಸೀಟು ಅವನಿಗೇ ಬಿಟ್ಟೆ. ಕೆಳಗೆ ಎಷ್ಟು ಹೊತ್ತು ಹೋದರೂ ಬರೀ ಮರಳು. ಗಾಜಿಗೆ ಮೂಗು ಒತ್ತಿಕೊಂಡು ಕೂತವನು ಕೊನೆಗೆ ಕೇಳಿದ.

"ಮಾಸ್ತರ, ಇದೆಲ್ಲಾ ಯಾರದು?"

"ಮರುಭೂಮಿ. ಯಾರದೂ ಅಲ್ಲ ಅಂತ ಅನ್ಕೋ."

ಅವನು ಬಾಯಿ ತೆರೆದು ಇನ್ನಷ್ಟು ಹೊತ್ತು ನೋಡಿದ. ಆಮೇಲೆ ಕೆಳಗಿನ ಮರಳಿಗೆ ಭಕ್ತಿಯಿಂದ ಕೈ ಮುಗಿದ.

"ಇಷ್ಟು ಜಮೀನು ಬಿದ್ದೈತಿ, ಒಂದೂ ಕೋರ್ಟ್ ಕೇಸಿಲ್ಲಲ್ಲೋ!"

ವಸ್ತು ಸಂಗ್ರಹಾಲಯದಲ್ಲಿ

ನಾನು ಒಂದೊಂದು ಚೀಟಿಯನ್ನೂ ಓದುತ್ತ ಹೊರಟರೆ ಅವನು ಆಕಳಿಸುತ್ತ ಹಿಂದೆ ಬಂದ. ಬಂಗಾರದ ಮುಖವಾಡದ ಮುಂದೆ ನನ್ನ ಕಣ್ಣು ತುಂಬಿದವು. ತಿರುಗಿ ನೋಡಿದರೆ ಅವನಿಲ್ಲ. ಹುಡುಕುತ್ತ ಹೋದೆ. ಒಂದು ಮೂಲೆಯ ಗಾಜಿನ ಪೆಟ್ಟಿಗೆಯ ಮುಂದೆ ಚಪ್ಪಲಿ ಬಿಟ್ಟು ನಿಂತಿದ್ದ. ಒಳಗೆ ಗೇಣುದ್ದದ ಕಟ್ಟಿಗೆಯ ಎತ್ತುಗಳು, ನೇಗಿಲು, ಹಿಂದೊಬ್ಬ ಗಳೆ ಹೊಡೆಯುವವ.

"ನಾಲ್ಕು ಸಾವಿರ ವರ್ಷದ್ದು," ಎಂದೆ.

"ಅಗದಿ ನಮ್ಮಪ್ಪ ನಿಂತಂಗ ನಿಂತಾನಲ್ಲೋ," ಎಂದ. ಮರುಗಳಿಗೆ ಹುಬ್ಬು ಗಂಟಿಕ್ಕಿದ. "ಆದ್ರ ನೊಗಾ ಕೊಂಬಿಗೆ ಕಟ್ಯಾನ. ಎತ್ತಿನ ಗತಿ ಏನಾಗಬೇಕು? ಇವಗ ಯಾರರ ಹೇಳಬೇಕಿತ್ತು."

"ಅವ ಸತ್ತು ನಾಲ್ಕು ಸಾವಿರ ವರ್ಷ ಆತಲೇ!"

"ಆಗ್ಲಿ ಬಿಡು. ತಪ್ಪು ತಪ್ಪs."

ಅಮಾವಾಸ್ಯೆ

ಪಿರಮಿಡ್ಡಿನ ಒಳಗೆ ಹೋಗುವ ದಿನವೇ ಎಳ್ಳಮಾವಾಸ್ಯೆ ಬಿತ್ತು. ನಮ್ಮ ಪ್ರವಾಸಿ ತಂಡದ ಬಸ್ಸು ಹೊರಟ ದಾರಿಯ ಎರಡೂ ಕಡೆ ಹಸಿರು ಗೋದಿ, ಖರ್ಜೂರದ ಮರಗಳ ಆಚೆ ಪಿರಮಿಡ್ಡಿನ ತುದಿ. ನಾನು ಸೀಟಿನ ತುದಿಗೆ ಸರಿದೆ. ಆಗ ಇವನು ಎದ್ದು ಗೈಡಿಗೆ ಕಿರುಬೆರಳು ತೋರಿಸಿದ. ಐದು ನಿಮಿಷ ಎಂದು ಬಸ್ಸು ನಿಂತಿತು.

ಕಿರುಬೆರಳು ತೋರಿಸಿದವನು ಬುತ್ತಿಯ ಗಂಟು ಹಿಡಿದು ಯಾಕೆ ಇಳಿದ ಎಂದು ಗೈಡಿಗೆ ತಿಳಿಯಲಿಲ್ಲ. ನನಗೆ ತಿಳಿಯಿತು. ಹಿಂದೆಯೇ ಓಡಿದೆ. ಅವನು ಗೋದಿಯಲ್ಲಿ ನಿಂತು, ಊರಿಂದ ತಂದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಮುರಿದು ನಾಲ್ಕೂ ದಿಕ್ಕಿಗೆ ಎಸೆಯುತ್ತ, "ಹುಲ್ಲುಲ್ಲಿಗೋ... ಚಲ್ಲಾಂಬ್ರಿಗೋ!" ಎಂದು ಚರಗದ ಕೂಗು ಹಾಕುತ್ತಿದ್ದ. ಆ ಕಡೆಯಿಂದ ಉದ್ದ ನಿಲುವಂಗಿಯ ಮುದುಕನೊಬ್ಬ ಸಲಿಕೆ ಎತ್ತಿಕೊಂಡು ಓಡಿ ಬಂದ. ಹೊಲದ ಮಾಲಕ! ಪಿರಮಿಡ್ ನೋಡುವ ಮೊದಲೇ ಮಮ್ಮಿ ಆಗುತ್ತೇವೆ ಅನ್ನಿಸಿತು.

ಗೆಳೆಯ ಅಳುಕಲಿಲ್ಲ. ಮುದುಕನ ಕೈಗೊಂದು ಹೋಳಿಗೆ ಇಟ್ಟ. ಬಗ್ಗಿ ಮಣ್ಣಿನ ಹೆಂಟೆಯೊಂದನ್ನು ಎತ್ತಿ, ಪುಡಿ ಮಾಡಿ, ಮೂಸಿ, "ಅಗದಿ ನಮ್ಮದs ಎರಿ!" ಎಂದ. ನಾನು ನನ್ನ ಹರಕುಮುರುಕು ಇಂಗ್ಲಿಷಿನಲ್ಲಿ ಗೈಡಿಗೆ ಚರಗ ತಿಳಿಸಿದೆ, ಗೈಡು ಮುದುಕನಿಗೆ ತಿಳಿಸಿದ. ಮುದುಕ ಸಲಿಕೆ ಕೆಳಗಿಟ್ಟ. ಗುಡಿಸಲಿಗೆ ಹೋಗಿ ತನ್ನ ರೊಟ್ಟಿ ತಂದು ಗೆಳೆಯನ ಕೈಗೆ ಕೊಟ್ಟ. ಇದನ್ನೂ ಎಸೆ ಎಂದು ಸನ್ನೆ ಮಾಡಿದ.

ಬಸ್ಸಿನವರೆಲ್ಲ ಇಳಿದು ಬಂದರು, ಬದುವಿನ ಮೇಲೆ ಪಂಕ್ತಿ ಆಯಿತು. ಪಿರಮಿಡ್ ತಲುಪುವಷ್ಟರಲ್ಲಿ ಹೊತ್ತು ಮೀರಿ ಗೇಟಿಗೆ ಬೀಗ ಬಿದ್ದಿತ್ತು. ಕಂಬಿ ಹಿಡಿದು ನಿಂತೆ. ಅಳು ಬಂತು, ಅವನ ಮೇಲೆ ಸಿಟ್ಟೂ ಬಂತು. ಅವನು ಬಾಜೂ ನಿಂತು ಮೊದಲ ಸಲ ಪಿರಮಿಡ್ ನೋಡಿದ. ಆಮೇಲೆ ಕಾಲ ಕೆಳಗೆ ನೋಡಿದ.

"ಮಾಸ್ತರ, ಎಂಥಾ ಶಾಣ್ಯಾ ಮಂದಿ! ಇಷ್ಟು ದೊಡ್ಡ ಗುಡ್ಡಾ ಕಟ್ಟಿದ್ರೂ ಒಂದು ಗುಂಟೆ ಎರಿ ಕೆಡಿಸಿಲ್ಲ. ಉಸುಕಿನ್ಯಾಗ ಕಟ್ಯಾರ. ಕಲ್ಲು ಹೊತ್ತಾವ್ರಿಗೆ ರೊಟ್ಟಿ ಹಾಕಿದ್ದು ಆ ಹೊಲಾನs ಇರಬೇಕು."

ಮೂವತ್ತು ವರ್ಷದ ನನ್ನ ಪಾಠದಲ್ಲಿ ಇದು ಬಂದಿರಲಿಲ್ಲ. ಕಂಬಿ ಬಿಟ್ಟು, ಹಿಂದೆ ಉಳಿದ ಹೊಲದ ಕಡೆ ತಿರುಗಿ ನೋಡಿದೆ.

ಮರುದಿನ ಪ್ರವಾಸದ ಕೊನೆಯ ದಿನ. ಮುದುಕ ಎಲ್ಲರನ್ನೂ ಊಟಕ್ಕೆ ಕರೆದಿದ್ದ. ಪಿರಮಿಡ್ಡೋ ಹೊಲವೋ, ಒಂದಕ್ಕೆ ಮಾತ್ರ ಸಮಯವಿದೆ ಎಂದ ಗೈಡು, ಕೈ ಎತ್ತಲು ಹೇಳಿದ. ಹೊಲಕ್ಕೆ ಎಂದಾಗ ಬಸ್ಸಿಗೆ ಬಸ್ಸೇ ಕೈ ಎತ್ತಿತು. ಪಿರಮಿಡ್ಡಿಗೆ ಎದ್ದದ್ದು ಒಂದೇ ಕೈ, ನನ್ನ ಗೆಳೆಯನದು. ಅವನು ತಿರುಗಿ, ಹೊಲಕ್ಕೆಂದು ಎದ್ದು ಇನ್ನೂ ಇಳಿಯದ ನನ್ನ ಕೈ ನೋಡಿ ಕಿರುಚಿದ.

"ಲೇ ಮಾಸ್ತರ! ಇದು ನಿನ್ನ ಸಲುವಾಗಿ ಎತ್ತಿದ ಕೈ! ನಿಂದು ಇಳಸಲೇ!"