ಬೆನ್ನು ಮಣ್ಣಿಗೆ ಹತ್ತಿದ ಮೇಲೆ

ಯಾವ ಕೆಲಸ ಎಲ್ಲಿಗೆ ಮುಗಿಯಿತು ಎಂದು ಖಚಿತವಾಗಿ ಹೇಳಬಲ್ಲವರು ಈಗ ಕಡಿಮೆಯಾಗಿದ್ದಾರೆ. ಮದುವೆಮನೆಯಲ್ಲಿ ಊಟವಾದ ಮೇಲೂ ಜನ ಕೈತೊಳೆಯುವ ನಲ್ಲಿಯ ಹತ್ತಿರ ಮುಕ್ಕಾಲು ತಾಸು ನಿಂತಿರುತ್ತಾರೆ. ಫೋನಿನಲ್ಲಿ ‘ಇಡ್ತೇನಿ’ ಎಂದ ಮೇಲೆ ಇನ್ನೊಂದು ಸಂಸಾರದ ಕಥೆ ಶುರುವಾಗುತ್ತದೆ. ನಾನು ಹಾಗಲ್ಲ. ಮೂವತ್ತೊಂದು ವರ್ಷ ಸವಣೂರಿನಲ್ಲಿ ಡ್ರಿಲ್ ಮಾಸ್ತರನಾಗಿದ್ದವನು. ಸೀಟಿ ಊದಿದೆ ಎಂದರೆ ಮುಗಿಯಿತು, ಎತ್ತಿದ ಕಾಲು ಅಲ್ಲೇ ನಿಲ್ಲಬೇಕು. ಅಷ್ಟೇ ವರ್ಷ ಸುತ್ತಲಿನ ಊರುಗಳ ಕುಸ್ತಿ ಕಣಗಳಲ್ಲಿ ಪಂಚನಾಗಿ ತೀರ್ಪನ್ನೂ ಕೊಟ್ಟಿದ್ದೇನೆ. ಒಂದೇ ಒಂದು ತೀರ್ಪು ತಪ್ಪಿಲ್ಲ ಎಂದು ಹೋದ ತಿಂಗಳವರೆಗೆ ಎದೆ ಉಬ್ಬಿಸಿ ಹೇಳುತ್ತಿದ್ದೆ.

ನಿವೃತ್ತಿಯಾದರೂ ನನ್ನ ವೇಳಾಪಟ್ಟಿ ನಿವೃತ್ತಿಯಾಗಿಲ್ಲ. ಐದಕ್ಕೆ ಏಳುವುದು, ಐದೂಕಾಲಿಗೆ ಕೆರೆ ದಂಡೆಯ ನಡಿಗೆ, ಆರೂವರೆಗೆ ಚಹಾ, ಎಂಟಕ್ಕೆ ಸ್ನಾನ, ಎಂಟೂವರೆಗೆ ರೊಟ್ಟಿ. ಭಾನುವಾರ ಮಾತ್ರ ಏಳೂವರೆಯಿಂದ ಎಂಟರವರೆಗೆ ಅರ್ಧ ತಾಸು ಖಾಲಿ ಉಳಿಯುತ್ತಿತ್ತು. ಖಾಲಿ ಜಾಗ ಕಂಡರೆ ನನಗೆ ಮೈಯುರಿ. ಒಂದು ಭಾನುವಾರ ಟಿ.ವಿ. ಹಾಕಿದರೆ, ಎಲ್ಲೋ ಶನಿವಾರ ರಾತ್ರಿ ಹೊಡೆದಾಡುತ್ತಿದ್ದ ಇಬ್ಬರು ನಮ್ಮ ಭಾನುವಾರದ ಮುಂಜಾನೆಗೆ ಬಂದು ಬಿದ್ದರು. ಮಿಕ್ಸೆಡ್ ಮಾರ್ಷಲ್ ಆರ್ಟ್ಸ್ ಅಂತೆ. ಗುದ್ದಬಹುದು, ಒದೆಯಬಹುದು, ಹಿಡಿದು ಒಗೆಯಬಹುದು. ಬೆರಳು ತೋರುವ ಕೈಗವಸು, ಸುತ್ತ ಕೋಳಿಗೂಡಿನಂಥ ಜಾಲರಿ. ಆಟಗಾರರ ಹೆಸರು ನನಗೆ ಇವತ್ತಿಗೂ ನಾಲಿಗೆಗೆ ಬರುವುದಿಲ್ಲ. ಚಡ್ಡಿಯ ಬಣ್ಣವೇ ಗುರುತು. ನಡುವೆ ಸುತ್ತಿನ ಸಂಖ್ಯೆಯ ಹಲಗೆ ಹಿಡಿದು ಒಬ್ಬ ಹೆಣ್ಣುಮಗಳು ಬರುತ್ತಾಳೆ. ಆಗ ನಾನು ಗೋಡೆಯ ಗಡಿಯಾರ ನೋಡುತ್ತೇನೆ. ನನ್ನ ಹೆಂಡತಿ ಗಿರಿಜಾ ಅಡಿಗೆಮನೆಯ ಬಾಗಿಲಿನಿಂದ ನನ್ನನ್ನು ನೋಡುತ್ತಾಳೆ.

ಗುದ್ದಾಟದ ಭಾಗ ನನಗೆ ಅಷ್ಟು ಹಿಡಿಸಲಿಲ್ಲ. ಆದರೆ ನೀಲಿ ಚಡ್ಡಿಯವನು ತಟ್ಟನೆ ಬಗ್ಗಿ, ಎದುರಾಳಿಯ ಎರಡೂ ಕಾಲು ಸೆಳೆದು ಎತ್ತಿ ಒಗೆದಾಗ ನಾನು ಕುರ್ಚಿಯಿಂದ ಎದ್ದು ನಿಂತೆ. ನಮ್ಮ ಗರಡಿಯದೇ ಪಟ್ಟು! ಹತ್ತಿಮತ್ತೂರಿನ ಕೆಂಪು ಮಣ್ಣಿನಲ್ಲಿ ನಮ್ಮ ಹುಡುಗರು ಎಣ್ಣೆ, ಬೆವರಿನಲ್ಲಿ ಕಲಿತದ್ದನ್ನು ಇವರು ಲೈಟು ಹಾಕಿಕೊಂಡು ಮಾಡುತ್ತಿದ್ದಾರೆ, ಅಷ್ಟೇ. ಹೆಮ್ಮೆಯಿಂದ ಕಣ್ಣು ತೇವವಾಯಿತು. ಬಿದ್ದವನ ಎರಡೂ ಭುಜ ನೆಲಕ್ಕೆ ಹತ್ತಿದ್ದನ್ನು ನೋಡಿದೆ. ‘ಚಿತ್!’ ಎಂದು ಕೈ ಎತ್ತಿದೆ, ಟಿ.ವಿ. ಆರಿಸಿದೆ, ಡೈರಿಯಲ್ಲಿ ‘ನೀಲಿ ಚಡ್ಡಿಗೆ ಜಯ’ ಎಂದು ಬರೆದು ಸ್ನಾನಕ್ಕೆ ನಡೆದೆ. ಅದೇ ರೂಢಿಯಾಯಿತು. ಭಾನುವಾರಕ್ಕೆ ಒಂದೇ ಪಂದ್ಯ. ಬೆನ್ನು ನೆಲಕ್ಕೆ, ಬಟನ್ನು ಬಂದ್.

ಒಂಬತ್ತು ಗಂಟೆಗೆ ಬಜಾರಿನಲ್ಲಿ ಖಾರ-ಸೇವು ಕರಿಯುವ ಅಂಗಡಿಯ ಮುಂದಿನ ಬೆಂಚಿನ ಮೇಲೆ ನಾನು ಫಲಿತಾಂಶ ಹೇಳುತ್ತಿದ್ದೆ. ಪಂದ್ಯದ ಹೊತ್ತಿಗೆ ಅಂಗಡಿಯವನು ಎಣ್ಣೆಯ ಬಾಣಲೆಯ ಮುಂದೆ ಇರುತ್ತಾನೆ; ಮಕ್ಬೂಲಸಾಬರು ತಮ್ಮ ಎಲೆತೋಟದಲ್ಲಿ. ನಾನು ಹೇಳಿದ್ದೇ ಅವರಿಗೆ ಸುದ್ದಿ. ಮಕ್ಬೂಲಸಾಬರು ಒಂದು ಕಾಲಕ್ಕೆ ಹೆಸರಾಂತ ಪೈಲ್ವಾನರು. ಮೂವತ್ತು ವರ್ಷದ ಹಿಂದೆ ಹತ್ತಿಮತ್ತೂರಿನ ಕಣದಲ್ಲಿ ಅವರು ಚಿತ್ ಎಂದು ಸೀಟಿ ಊದಿದವನು ನಾನೇ. ಅಂದಿನಿಂದ ಎಲೆಗೆ ಸುಣ್ಣ ಹಚ್ಚುವಾಗಲೆಲ್ಲ ಅವರದು ಒಂದೇ ಮಾತು: “ಎಡಗಡೆ ಭುಜ ಮುಟ್ಟಿದ್ದಿಲ್ಲರಿ ಮಾಸ್ತರ. ನೀವು ಅವಸರ ಮಾಡಿದ್ರಿ.” ನನ್ನದೂ ಒಂದೇ ಉತ್ತರ: “ಸೀಟಿ ಊದಿ ಆತು, ಸಾಬರ.”

ಹೀಗಿರುವಾಗ ಹತ್ತಿಮತ್ತೂರಿನ ಹಿರಿಯರಿಬ್ಬರು ಬಂದು, ಬಹಳ ವರ್ಷಕ್ಕೆ ಮತ್ತೆ ಕುಸ್ತಿ ಇಟ್ಟಿದ್ದೇವೆ, ತಪ್ಪು ತೀರ್ಪು ಕೊಡದ ಪಂಚರೆಂದರೆ ನೀವೊಬ್ಬರೇ, ಬರಬೇಕು ಎಂದರು. ನಾನು ಟ್ರಂಕಿನಿಂದ ಬಿಳಿ ಪ್ಯಾಂಟು ತೆಗೆಸಿ ಇಸ್ತ್ರಿ ಮಾಡಿಸಿದೆ. ಸೀಟಿಗೆ ಹೊಸ ದಾರ ಕಟ್ಟಿದೆ. ಕುಸ್ತಿಗೆ ಒಂದು ವಾರ ಉಳಿದಿತ್ತು.

ಆ ಭಾನುವಾರ ಪಂದ್ಯ ಹೆಣ್ಣುಮಕ್ಕಳದು. ಕರಿ ಚಡ್ಡಿಯ ಹುಡುಗಿ ಹಳದಿಯವಳನ್ನು ಎತ್ತಿ ಒಗೆದಳು. ಚಿತ್. ಆರಿಸಿದೆ, ಬರೆದೆ, ಬಚ್ಚಲಿಗೆ ಹೋದೆ. ಹಂಡೆಯಲ್ಲಿ ಕೈ ಇಟ್ಟರೆ ನೀರು ತಣ್ಣಗೆ! ನಲವತ್ತೆರಡು ವರ್ಷದಲ್ಲಿ ಗಿರಿಜಾ ಒಲೆ ಹಚ್ಚಲು ಮರೆತವಳಲ್ಲ. ಆ ಹಂಡೆ ಅವಳು ರಟ್ಟೀಹಳ್ಳಿಯ ತವರಿನಿಂದ ತಂದದ್ದು. ಅದರ ಮೇಲೆ ನನಗಿಂತ ಹೆಚ್ಚು ಜೀವ. ಏನಾಯಿತೋ ಎಂದು ಟವೆಲ್ ಸುತ್ತಿಕೊಂಡೇ ಹೊರಗೆ ಬಂದೆ.

ಟಿ.ವಿ. ಹತ್ತಿತ್ತು. ಗಿರಿಜಾ ನನ್ನ ಕುರ್ಚಿಯಲ್ಲಿ ಕುಳಿತಿದ್ದಳು. ಎರಡೂ ಕೈಗೆ ಜೋಳದ ಹಿಟ್ಟು. “ಬಿಡಬ್ಯಾಡವ್ವ ತಂಗಿ! ಕಾಲು ಬಿಗಿ ಮಾಡು! ಹಂಗ!” ಎಂದು ಕೂಗುತ್ತಿದ್ದಳು. ಬೆನ್ನ ಮೇಲೆ ಬಿದ್ದಿದ್ದ ಹಳದಿಯವಳು ಕೆಳಗಿನಿಂದಲೇ ಎದುರಾಳಿಯ ತೋಳನ್ನು ತನ್ನ ತೊಡೆಗಳ ನಡುವೆ ಸಿಕ್ಕಿಸಿ ಮುರಿಯುವಂತೆ ಜಗ್ಗಿದ್ದಳು. ಮೇಲಿದ್ದವಳು ನೋವು ತಾಳದೆ ಅಂಗೈಯಿಂದ ನೆಲವನ್ನು ಪಟಪಟ ತಟ್ಟಿದಳು. ಪಂಚ ನಡುವೆ ಹಾರಿ ಬಿಡಿಸಿದ. ಹಳದಿಯವಳ ಕೈ ಎತ್ತಿದರು.

“ಏನಿದು?” ಎಂದೆ.

“ಸೋತೆ ಅಂತ ತಟ್ಟಿದ್ಲು. ಹಳದಿದಾಕಿ ಗೆದ್ಲು,” ಎಂದಳು ಶಾಂತವಾಗಿ.

“ಆಕಿ ಚಿತ್ ಆಗಿದ್ಲಲ್ಲ!”

“ಇಲ್ಲಿ ಚಿತ್ ಆದ ಮ್ಯಾಲೆನ ಶುರು ಆಗೂದರಿ. ಹನ್ನೊಂದು ವಾರದಿಂದ ನೋಡಾಕತ್ತೇನಿ. ನೀವು ಬಚ್ಚಲಕ್ಕ ಹೋದ ಕೂಡಲೆ ಟಿ.ವಿ. ಹಚ್ಚತೇನಿ. ಇವತ್ತು ಹೆಣ್ಣುಮಕ್ಕಳ ಪಂದ್ಯ ಅಂತ ಬಾಗಲದಾಗ ನಿಂತು ಒಲಿ ಹಚ್ಚೂದ ಮರತೆ.”

“ಹನ್ನೊಂದು ವಾರ! ಒಂದು ಮಾತು ಹೇಳಬಾರದ?”

“ನೀವು ಕೇಳಿದ್ರೇನು? ಗೆದ್ದೆ ಅಂತ ಎದ್ದು ಹೋಗೂದು ನಿಮ್ಮ ರೂಢಿ. ಮದುವಿ ಆದಾಗಿಂದ ನೋಡೇನಿ. ಹೋದ ಮ್ಯಾಲೆ ಏನಾತು ಅಂತ ಯಾವಾಗರೆ ತಿರುಗಿ ನೋಡೀರೇನು?”

ಟವೆಲ್ ಸುತ್ತಿಕೊಂಡು ನಿಂತವನಿಗೆ ಎದೆ ಉಬ್ಬಿಸುವುದು ಕಷ್ಟ. ಡೈರಿ ತಂದೆ. ಅವಳು ಕೈ ತೊಳೆದುಕೊಂಡು ಒಂದೊಂದೇ ವಾರವನ್ನು ನೆನಪಿನಿಂದ ಹೇಳಿದಳು. “ಎರಡನೇ ವಾರ ಹಸಿರು ಚಡ್ಡಿಯಾಂವ ಕೆಳಗ ಬಿದ್ದಾಂವ ಹೊಳ್ಳಿ ಎದ್ದು, ಮೊಣಕೈಲೆ ಅರದ ಬಿಟ್ಟ, ಒಳಕಲ್ಲಾಗ ಹಸಿಖಾರ ಅರದಂಗ. ಬರಕೋರಿ.” ಕೆಂಪು ಮಸಿಯಲ್ಲಿ ಬರೆದುಕೊಂಡೆ. ಹನ್ನೊಂದರಲ್ಲಿ ಆರು ತಪ್ಪು. ನನ್ನ ಶಾಲೆಯ ಹುಡುಗನಾಗಿದ್ದರೆ ಪಾಲಕರನ್ನು ಕರೆಸುತ್ತಿದ್ದೆ.

ಈಗ ನೋಡಿ, ಇದು ನನಗೂ ಅವಳಿಗೂ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಸುಮ್ಮನಿದ್ದರೆ ಬಿಳಿ ಪ್ಯಾಂಟು ಹಾಕಿಕೊಂಡು ಹತ್ತಿಮತ್ತೂರಿಗೆ ಹೋಗಬಹುದು. ಹೇಳಿದರೆ, ಕಣ್ಣೆದುರಿನ ಟಿ.ವಿ.ಯಲ್ಲೇ ಗೆದ್ದವರು ಯಾರು ಎಂದು ತಿಳಿಯದವನನ್ನು ಯಾವ ಊರು ಕಣಕ್ಕೆ ಇಳಿಸುತ್ತದೆ? ಆದರೆ ತಪ್ಪು ಹೆಜ್ಜೆ ಹಾಕಿದವನು ಸಾಲಿನ ಮುಂದೆ ಬಂದು ನಿಂತು ತಿದ್ದಿಕೊಳ್ಳಬೇಕೆಂದು ಮೂವತ್ತೊಂದು ವರ್ಷ ಕೂಗಿದವನೂ ನಾನೇ. ತಣ್ಣೀರಿನಲ್ಲೇ ಸ್ನಾನ ಮಾಡಿದೆ. ಒಂಬತ್ತಕ್ಕೆ ಸರಿಯಾಗಿ ಬೆಂಚಿನ ಮುಂದೆ ನಿಂತು, ಹಿಮ್ಮಡಿ ಕೂಡಿಸಿ, ಆರೂ ತಿದ್ದುಪಡಿಗಳನ್ನು ಗಟ್ಟಿಯಾಗಿ ಓದಿದೆ.

ಅಂಗಡಿಯವನ ಜಾಲರಿ ಸೌಟು ಎಣ್ಣೆಯ ಮೇಲೆಯೇ ನಿಂತಿತು. ಮಕ್ಬೂಲಸಾಬರು ಎಲೆಗೆ ಸುಣ್ಣ ಹಚ್ಚಿ, ಮಡಚಿ, ದವಡೆಗೆ ಇಟ್ಟುಕೊಂಡರು. ಆಮೇಲೆ, “ಅಂದ್ರ ಮಾಸ್ತರ, ಅವಸರ ಮಾಡೂದು ನಿಮಗ ಚಟ,” ಎಂದರು.

“ಹೌದರಿ ಸಾಬರ. ಹತ್ತಿಮತ್ತೂರಿನವರಿಗೆ ಬ್ಯಾರೆ ಪಂಚರನ್ನ ನೋಡಕೋರಿ ಅಂತ ಹೇಳತೇನಿ.”

“ಹೇಳ್ರಿ ನೋಡೂಣು! ತನ್ನ ತಪ್ಪು ತಾನ ಓದೋ ಪಂಚ ಮತ್ತೆಲ್ಲಿ ಸಿಗತಾನ? ನೀವ ಆಗ್ರಿ. ಖರೆ ಒಂದು ಶರತ್ತು. ಕಣದ ಆ ಕಡೆ ಗಿರಿಜಕ್ಕಾರು ಕುಂದರಬೇಕು. ಅವರು ಹೂಂ ಅಂದ ಮ್ಯಾಲೆನ ಸೀಟಿ.”

ಅಂಗಡಿಯವನು ನಕ್ಕ ನಗೆಗೆ ಬಾಣಲೆಯ ಖಾರ ಕಪ್ಪಗಾಯಿತು.

ಮುಂದಿನ ವಾರ ಗಿರಿಜಾ ಇಳಕಲ್ ಸೀರೆಯುಟ್ಟು ಕಣದ ಆ ಕಡೆ, ಮಕ್ಬೂಲಸಾಬರ ಪಕ್ಕದ ಕುರ್ಚಿಯಲ್ಲಿ ಕುಳಿತಳು. ಕೊನೆಯ ಕುಸ್ತಿಯಲ್ಲಿ ಹಿರೇಕೆರೂರಿನ ಹುಡುಗ ಊರಿನವನನ್ನು ಕೆಡವಿದ. ನನ್ನ ಕಡೆಯಿಂದ ಎರಡೂ ಭುಜ ಮಣ್ಣಿಗೆ ಹತ್ತಿದಂತೆಯೇ ಕಂಡವು. ಸೀಟಿ ತುಟಿಗೆ ಹೋಯಿತು. ಆ ಕಡೆ ನೋಡಿದೆ. ಗಿರಿಜಾ ತಲೆಯನ್ನು ಅಡ್ಡ ಆಡಿಸಿದಳು. ಉಸಿರು ಬಿಗಿ ಹಿಡಿದು ನಿಂತೆ. ಬಿದ್ದವನು ಕುತ್ತಿಗೆಯ ಮೇಲೆ ಮೈ ಎತ್ತಿ, ಬಿಲ್ಲಿನಂತೆ ಬಾಗಿ, ಹೊರಳಿ, ಮೇಲಿನವನನ್ನೇ ಕೆಳಗೆ ಹಾಕಿ ಕುಳಿತ. ಈ ಸಲ ಗಿರಿಜಾ ಹೂಂ ಎಂದಳು. ನಾನು ಊದಿದ ಸೀಟಿ ರಟ್ಟೀಹಳ್ಳಿಯಲ್ಲಿರುವ ಅವಳ ತವರಿಗೂ ಕೇಳಿರಬೇಕು. ಜನ ಪೈಲ್ವಾನನನ್ನು ಹೆಗಲ ಮೇಲೆ ಹೊತ್ತರು. ನಾನು ಮಾತ್ರ ಇಳಕಲ್ ಸೀರೆಯ ಕೆಂಪು ಸೆರಗನ್ನೇ ನೋಡುತ್ತಿದ್ದೆ. ನನ್ನ ಜೀವಮಾನದ ಅತ್ಯುತ್ತಮ ತೀರ್ಪು ಅದು, ಕೊಟ್ಟವಳು ಅವಳು.

ಬಸ್ಸಿಗೆ ಕಾಯುವಾಗ ಮಕ್ಬೂಲಸಾಬರ ಕೈ ಹಿಡಿದು, “ಸಾಬರ, ಅವತ್ತು ನಿಮ್ಮ ಎಡಭುಜ...” ಎಂದೆ.

“ಬಿಡ್ರಿ ಮಾಸ್ತರ,” ಎಂದರು ಆಚೀಚೆ ನೋಡಿ, ದನಿ ತಗ್ಗಿಸಿ. “ಮುಟ್ಟಿತ್ತು.”

ಈಗ ಭಾನುವಾರ ಏಳೂವರೆಗೆ ಟಿ.ವಿ. ಮುಂದೆ ಎರಡು ಕುರ್ಚಿ. ಸ್ನಾನ ಎಂಟೂಮುಕ್ಕಾಲಕ್ಕೆ ಸರಿದಿದೆ. ನನ್ನ ವೇಳಾಪಟ್ಟಿ ಯಾರಿಗಾದರೂ ದಾರಿ ಬಿಟ್ಟುಕೊಟ್ಟದ್ದು ಇದೇ ಮೊದಲು. ಮೊನ್ನೆ ರೊಟ್ಟಿಯ ಹೊತ್ತಿಗೆ, ಆ ಹಳೆಯ ಹಂಡೆ ತೆಗೆದು ಗೀಜರ್ ಹಾಕಿಸೋಣ ಎಂದು ಮಾತು ತೆಗೆದೆ. ಗಿರಿಜಾ ಬೇಡವೆಂದಳು. ನಾನು ಕಾರಣಗಳನ್ನು ಕ್ರಮವಾಗಿ ಹೇಳಿದೆ. ಅವಳು ಸುಮ್ಮನಾದಳು. ಗೆದ್ದೆ ಎಂದು ಎದ್ದೆ. ಬಾಗಿಲ ತನಕ ಹೋದವನಿಗೆ ಏನೋ ನೆನಪಾಗಿ ತಿರುಗಿ ನೋಡಿದೆ. ಅವಳು ಸೆರಗು ಸಿಕ್ಕಿಸಿಕೊಂಡು ನಗುತ್ತ, ಹಂಡೆಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು. ಹಂಡೆ ಬಂಗಾರದಂತೆ ಹೊಳೆಯುತ್ತಿತ್ತು. ನಾನು ವಾಪಸು ಬಂದು, ಮೊಣಕಾಲೂರಿ ಕುಳಿತು, ಅಂಗೈಯಿಂದ ನೆಲವನ್ನು ಮೂರು ಸಲ ತಟ್ಟಿದೆ.

ಅವಳು ತಲೆ ಎತ್ತದೆ ಹೇಳಿದಳು: “ಮೊದಲ ತಟ್ಟಿದ್ರ ರೊಟ್ಟಿ ಬಿಸಿ ಇರ್ತಿದ್ವು.”