ಹುಲ್ಲು ಕತ್ತರಿಸುವ ಕಾಮಗಾರಿ ಪ್ರಗತಿಯಲ್ಲಿದೆ

ಹನಗೋಡಿನಿಂದ ಮೂರು ಕಿಲೋಮೀಟರ್ ಆಚೆಗಿರುವ ಸಮಗ್ರ ಗ್ರಾಮಾಭ್ಯುದಯ ತರಬೇತಿ ಕೇಂದ್ರದ ಒಟ್ಟು ವಿಸ್ತೀರ್ಣ ಮೂವತ್ತಾರು ಎಕರೆ ಹನ್ನೊಂದು ಗುಂಟೆ. ಇದರಲ್ಲಿ ಹನ್ನೊಂದು ಗುಂಟೆಯಲ್ಲಿ ಕಟ್ಟಡವಿದೆ. ಉಳಿದದ್ದರಲ್ಲಿ ಹುಲ್ಲಿದೆ. ಕೇಂದ್ರ ಶುರುವಾಗಿ ಒಂಬತ್ತು ವರ್ಷವಾದರೂ ಇಲ್ಲಿ ಯಾರೂ ತರಬೇತಿ ಪಡೆದಿಲ್ಲವೆಂದು ಮೇಲಿನಿಂದ ಆಗಾಗ ಆಕ್ಷೇಪಣೆ ಬರುತ್ತಿತ್ತು. ಹುಲ್ಲಿನ ವಿಷಯದಲ್ಲಿ ಮಾತ್ರ ಒಂದೇ ಒಂದು ಆಕ್ಷೇಪಣೆಯೂ ಬಂದಿರಲಿಲ್ಲ.

ಅದಕ್ಕೆ ಕಾರಣ ದೊಡ್ಡಮಾದಯ್ಯ. ಒಂಬತ್ತು ವರ್ಷದಿಂದ ದಿನಗೂಲಿಯ ಮೇಲೆ ಅಲ್ಲಿ ಹುಲ್ಲು ಹೊಡೆಯುತ್ತಿದ್ದ. ಈ ಕೆಲಸದಲ್ಲಿ ಕಷ್ಟ ಬೇಕಾದಷ್ಟಿದೆ. ಹೆಗಲಿಗೆ ತೂಗುಹಾಕಿಕೊಳ್ಳುವ ಪೆಟ್ರೋಲ್ ಮಿಷನ್ನಿನ ತುದಿಯಲ್ಲಿ ಗರಗರ ತಿರುಗಿ ಹುಲ್ಲು ಕತ್ತರಿಸುವ ಪ್ಲಾಸ್ಟಿಕ್ ದಾರ ಕಲ್ಲಿಗೆ ತಾಗಿ ತುಂಡಾಗುತ್ತದೆ. ಹುಲ್ಲಿನ ಚೂರು ಬನೀನಿನೊಳಗೆ ಸೇರಿ ಸಂಜೆವರೆಗೂ ನವೆ. ಕೇರೆ ಹಾವು ಎದ್ದು ಬಂದರೆ ಮಿಷನ್ ನಿಲ್ಲಿಸಿ ಅದಕ್ಕೆ ದಾರಿ ಬಿಡಬೇಕು. ಆದರೆ ಬೆಳಿಗ್ಗೆ ಏಳು ಗಂಟೆಗೆ, ಇಬ್ಬನಿ ಇನ್ನೂ ಆರದಿರುವಾಗ, ಒಂದು ಸಾಲು ಹೊಡೆದು ಹಿಂತಿರುಗಿ ನೋಡಿದರೆ ನೆಲ ಆಗ ತಾನೇ ಕ್ಷೌರ ಮಾಡಿಸಿಕೊಂಡ ತಲೆಯ ಹಾಗೆ ಕಾಣುತ್ತದಲ್ಲ, ಹಸಿ ಹುಲ್ಲಿನ ಘಮ ಮೂಗಿಗೆ ಅಡರುತ್ತದಲ್ಲ, ಆ ಸುಖಕ್ಕೆ ದೊಡ್ಡಮಾದಯ್ಯ ಭಾನುವಾರವೂ ಕೆಲಸಕ್ಕೆ ಬರುತ್ತಿದ್ದ. ಹೊಡೆದ ಹುಲ್ಲನ್ನು ಹೆಂಡತಿ ಕೆಂಪಾಜಮ್ಮ ಹೊರೆ ಕಟ್ಟಿಕೊಂಡು ಹೋಗಿ ಮನೆಯ ಎರಡು ಹಸುಗಳಿಗೆ ಹಾಕುತ್ತಿದ್ದಳು. ಹಸುಗಳಿಗೂ ಆಕ್ಷೇಪಣೆ ಇರಲಿಲ್ಲ.

ಹೀಗಿರುವಾಗ ಆಗಸ್ಟ್ ತಿಂಗಳ ಒಂದು ಶುಕ್ರವಾರ ಮೈಸೂರಿನಿಂದ ಸುತ್ತೋಲೆ ಬಂತು.

"ಹುಲ್ಲು ಕತ್ತರಿಸುವ ಪ್ರತಿಯೊಂದು ಕಾಮಗಾರಿಗೂ ಮೊದಲು, ನಡುವೆ ಮತ್ತು ನಂತರ ಎಂಬ ಮೂರು ಹಂತಗಳಲ್ಲಿ, ಸದರಿ ಸ್ಥಳದಲ್ಲಿಯೇ ನಿಂತು, ಮೊಬೈಲ್ ಆ್ಯಪಿನ ಮೂಲಕ ಫೋಟೊ ತೆಗೆಯತಕ್ಕದ್ದು. ಮೊದಲನೇ ಹಂತದ ಫೋಟೊದಲ್ಲಿ ಹುಲ್ಲು ಮೊಣಕಾಲಿಗಿಂತ ಕಡಿಮೆ ಇರತಕ್ಕದ್ದಲ್ಲ. ಮೊದಲನೇ ಹಂತದ ಫೋಟೊ ಇಲ್ಲದೆ ಹುಲ್ಲು ಇಲ್ಲವಾಗಿದ್ದಲ್ಲಿ, ಅದನ್ನು ಹುಲ್ಲಿನ ಅನಧಿಕೃತ ವಿಲೇವಾರಿ ಎಂದು ಪರಿಗಣಿಸಿ ಸಂಬಂಧಪಟ್ಟವರನ್ನು ಕೆಲಸದಿಂದ ತೆಗೆಯಲಾಗುವುದು."

ಕರೆಂಟ್ ಇಲ್ಲದ್ದರಿಂದ ಕಂಪ್ಯೂಟರ್ ಆಪರೇಟರ್ ಸೌಂದರ್ಯ ಇದನ್ನು ತೆರೆದದ್ದು ಸೋಮವಾರ. ಅಷ್ಟರಲ್ಲಿ, ಗುರುವಾರ ಉಪನಿರ್ದೇಶಕರು ತಪಾಸಣೆಗೆ ಬರುತ್ತಾರೆಂಬ ಸುದ್ದಿ ಕೇಳಿದ್ದ ದೊಡ್ಡಮಾದಯ್ಯ ಮೂರು ದಿನ ಒಂದೇ ಸಮನೆ ದುಡಿದು ಕಟ್ಟಡದ ಮುಂದಿನ ನಾಲ್ಕು ಎಕರೆಯನ್ನು ನುಣ್ಣಗೆ ಹೊಡೆದಿಟ್ಟಿದ್ದ.

"ಎಲ್ರೀ ಹುಲ್ಲು?" ಎಂದರು ಅಧೀಕ್ಷಕ ನಂಜುಂಡಸ್ವಾಮಿ.

"ಕುಯ್ದ್ಬುಟ್ಟೆ ಸಾ. ಸಾಯೇಬ್ರು ಬತ್ತಾರೆ ಅಂದ್ರಲ್ಲ, ನೀಟಾಗಿರ್ಲಿ ಅಂತ."

"ನೀಟಾಗಿದೆ. ಅದೇ ಈಗ ತೊಂದರೆ. ಕುಯ್ದ ಹುಲ್ಲೆಲ್ಲಿ?"

"ನಮ್ಮ ಅಸ ತಿಂದ್ವು ಸಾ."

ನಂಜುಂಡಸ್ವಾಮಿ ಕಡತ ಬಿಚ್ಚಿ ಪೆನ್ನು ತೆಗೆದರು. "ಪೂರ್ತಿನಾ?"

ಪೂರ್ತಿ ಎಂದು ಕಡತದಲ್ಲಿ ದಾಖಲಾಯಿತು. ಕಟ್ಟಡದ ಹಿಂದಿನ ಎಕರೆಗಳಲ್ಲಿ ಸೊಂಟದುದ್ದ ಹುಲ್ಲಿತ್ತಲ್ಲ, ಅಲ್ಲಿ ಹೋಗಿ ಸೌಂದರ್ಯ ಫೋಟೊ ತೆಗೆದು ನೋಡಿದಳು. ತಾವು ಕಾಮಗಾರಿಯ ಸ್ಥಳದಲ್ಲಿಲ್ಲ ಎಂದು ಆ್ಯಪು ಹೇಳಿತು. ಗುರುವಾರದೊಳಗೆ ಹುಲ್ಲು ಮೊಣಕಾಲುದ್ದ ಬೆಳೆಯುವ ಸಾಧ್ಯತೆಯನ್ನೂ ಪರಿಶೀಲಿಸಿ ಕೈಬಿಡಲಾಯಿತು. ಕೊನೆಗೆ ನಂಜುಂಡಸ್ವಾಮಿ, "ನನ್ನ ಕೈಲೇನೂ ಇಲ್ಲ ದೊಡ್ಡಮಾದಯ್ಯ, ನಾಳೆ ಮಿಷನ್ ಒಪ್ಪಿಸಿಬಿಡಿ" ಎಂದರು. ದೊಡ್ಡಮಾದಯ್ಯನಿಗೆ ಕೂಲಿಯ ಚಿಂತೆ ಇರಲಿಲ್ಲವೆಂದಲ್ಲ. ಆದರೆ ಆ ಮಿಷನ್ ಇನ್ನೊಬ್ಬನ ಹೆಗಲೇರುತ್ತದೆ ಎಂದು ನೆನೆದೇ ಅವನಿಗೆ ಅಳು ಬಂತು.

ಮನೆಗೆ ಬಂದು ಹೇಳಿದರೆ ಕೆಂಪಾಜಮ್ಮ ಕೆರಳಿದಳು.

"ಹುಲ್ಲಿಲ್ಲ ಅಂದ್ರೆ ನೆಟ್ಬುಡಿ ಅತ್ಲಾಗೆ! ಕೇಯಾರ್ ನಗರದಿಂದ ನಾಟಿ ಎಂಗುಸ್ರು ಬಂದವ್ರಲ್ಲ, ಭತ್ತ ನೆಡೋರ್ಗೆ ಹುಲ್ ನೆಡಕಾಗಕಿಲ್ವಾ? ಮಾನ ಮರ್ವಾದೆ ಇಲ್ದೋರು!"

ಅವಳು ಬೈದದ್ದು. ದೊಡ್ಡಮಾದಯ್ಯ ಮರುದಿನ ಇದನ್ನು ಸಲಹೆಯ ರೂಪದಲ್ಲಿ ಕಚೇರಿಗೆ ಸಲ್ಲಿಸಿದ. ನಂಜುಂಡಸ್ವಾಮಿ ಎದ್ದು ನಿಂತರು.

"ಕಟ್ಟಡದ ಹಿಂದಿನ ಹುಲ್ಲು ತಂದು ಇಲ್ಲಿ ನೆಡಬಹುದು, ಆದರೆ ಅದನ್ನ ತೆಗೆಯೋಕೂ ಫೋಟೊ ಬೇಕಲ್ಲಮ್ಮ?"

ಸೌಂದರ್ಯ ಸುತ್ತೋಲೆಯನ್ನು ಎರಡು ಸಲ ಓದಿದಳು. "ಕತ್ತರಿಸೋಕೆ ಮಾತ್ರ ಕೇಳಿದ್ದಾರೆ ಸರ್. ಬೇರು ಸಮೇತ ಕೀಳೋಕೆ ಏನೂ ಹೇಳಿಲ್ಲ."

ನಾಟಿಗೆ ಕೂಲಿ ಕೊಡಲು ಕೇಂದ್ರದಲ್ಲಿ ಅವಕಾಶವಿರಲಿಲ್ಲ. ತರಬೇತಿಗೆ ಭತ್ಯೆ ಕೊಡಲು ಅವಕಾಶವಿತ್ತು. ಒಂಬತ್ತು ವರ್ಷದಿಂದ ಅದನ್ನು ಯಾರೂ ಮುಟ್ಟಿರಲಿಲ್ಲ. ಹೀಗಾಗಿ ಅದೇ ಮಂಗಳವಾರ ಹನ್ನೊಂದು ಗಂಟೆಗೆಲ್ಲ ನಲವತ್ತು ಜನ ನಾಟಿ ಹೆಂಗಸರು 'ಹುಲ್ಲು ನಾಟಿ ಕೌಶಲ ತರಬೇತಿ'ಗೆ ಹೆಸರು ನೋಂದಾಯಿಸಿ, ಚಹಾ ಕುಡಿದು, ಬನ್ನು ತಿಂದು, ಸೀರೆ ಎತ್ತಿ ಕಟ್ಟಿದರು. ಅವರ ಮೇಸ್ತ್ರಿ ಭದ್ರಮ್ಮ ಒಂದು ಹಿಡಿ ಹುಲ್ಲನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಇದ್ಯಾವ ಪೈರು ಬುದ್ದಿ?"

"ಹುಲ್ಲು" ಎಂದರು ನಂಜುಂಡಸ್ವಾಮಿ.

"ಇಷ್ಟ್ ದಿನ ಇದುನ್ನ ಕಿತ್ತಾಕಕ್ಕೆ ಕೂಲಿ ಈಸ್ಕತಿದ್ದೋ. ನೆಡಕ್ಕೂ ಕೊಡ್ತೀರಿ ಅಂದ್ರೆ ನಮ್ದೇನ್ ಓಯ್ತದೆ ಬುಡಿ."

ಕೆಲಸ ಬಲ್ಲ ಕೈಗಳು. ಹಗ್ಗ ಹಿಡಿದು, ಸಾಲಿಗೆ ಸಾಲು ನೇರವಾಗಿ, ಹಿಂದಕ್ಕೆ ಹೆಜ್ಜೆಯಿಡುತ್ತಾ ಎರಡೇ ದಿನದಲ್ಲಿ ನಾಲ್ಕು ಎಕರೆ ನೆಟ್ಟು ಮುಗಿಸಿದರು. ಮಳೆಯೂ ಹನಿಯಿತು. ಹಗ್ಗದ ಒಂದು ತುದಿಯನ್ನು ದೊಡ್ಡಮಾದಯ್ಯ ಹಿಡಿದಿದ್ದ. ತಾನು ಹೊಡೆದ ನೆಲದಲ್ಲಿ ಮತ್ತೆ ಹುಲ್ಲು ಏಳುವುದನ್ನು ಕಂಡು ಅವನಿಗೆ ಸಂಕಟವಾಯಿತು, ನಿಜ. ಆದರೆ ಗುರುವಾರ ಇದನ್ನೇ ಇನ್ನೊಂದು ಸಲ ಹೊಡೆಯಬಹುದು ಎಂದುಕೊಂಡಾಗ ಖುಷಿಯೂ ಆಯಿತು.

ಗುರುವಾರ ಉಪನಿರ್ದೇಶಕರು ಬಂದರು. ಮೊದಲನೇ ಹಂತದ ಫೋಟೊಗೆ ಆ್ಯಪು ಹಸಿರು ಗುರುತು ಕೊಟ್ಟಿತು. ನಂಜುಂಡಸ್ವಾಮಿ ಕರ್ಚೀಫಿನಿಂದ ಹಣೆ ಒರೆಸಿಕೊಂಡರು. ಎರಡನೇ ಹಂತಕ್ಕೆ ದೊಡ್ಡಮಾದಯ್ಯ ಮಿಷನ್ ಹೆಗಲಿಗೇರಿಸಿ, ಸ್ಟಾರ್ಟ್ ಮಾಡಿ, ಹುಲ್ಲಿನ ಮೇಲೆ ಹಿಡಿದು ನಿಂತ. ಸೌಂದರ್ಯ ಫೋಟೊ ತೆಗೆದಳು. ಅವನು ಇನ್ನೇನು ಮಿಷನ್ ಹುಲ್ಲಿಗೆ ತಾಗಿಸಬೇಕು, ಅಷ್ಟರಲ್ಲಿ ಉಪನಿರ್ದೇಶಕರು ಕೈ ಎತ್ತಿದರು.

"ನಿಲ್ಲಿಸಿ! ಈ ಹುಲ್ಲು ಯಾಕೆ ಸಾಲಾಗಿದೆ?"

"ತರಬೇತಿ ಸರ್" ಎಂದು ನಂಜುಂಡಸ್ವಾಮಿ ಫೈಲು ಮುಂದಿಟ್ಟರು. "ನಲವತ್ತು ಜನ ಮಹಿಳೆಯರು."

ಉಪನಿರ್ದೇಶಕರು ಫೈಲು ಓದಿ ಕನ್ನಡಕ ತೆಗೆದರು. "ಅಲ್ರೀ, ಒಂಬತ್ತು ವರ್ಷದಲ್ಲಿ ಈ ಕೇಂದ್ರ ಮಾಡಿರೋದೇ ಇದೊಂದು ಸಾಧನೆ. ಅದನ್ನು ಕುಯ್ತೀರಾ? ಇದು ಇಲಾಖೆಯ ಆಸ್ತಿ."

ಆಸ್ತಿಯನ್ನು ವಿಲೇವಾರಿ ಮಾಡಲು ಸಮಿತಿ ಬೇಕು, ಸಮಿತಿ ರಚನೆಯಾಗಿರಲಿಲ್ಲ. ಇತ್ತ ಎರಡನೇ ಹಂತದ ಫೋಟೊ ಆಗಲೇ ಮೈಸೂರು ತಲುಪಿತ್ತು. ಆದ್ದರಿಂದ ಕಾಮಗಾರಿ ಪ್ರಗತಿಯಲ್ಲಿದೆ ಎಂದು ತೀರ್ಮಾನಿಸಲಾಯಿತು. ಪ್ರಗತಿಯಲ್ಲಿರುವ ಕಾಮಗಾರಿಯ ನೌಕರನನ್ನು ತೆಗೆಯಲು ನಿಯಮದಲ್ಲಿ ಅವಕಾಶವಿಲ್ಲ. ದೊಡ್ಡಮಾದಯ್ಯನ ಕೆಲಸ ಉಳಿಯಿತು. ಪ್ರತಿ ತಿಂಗಳ ಐದನೇ ತಾರೀಕು, ಎರಡನೇ ಹಂತದ ಹೊಸ ಫೋಟೊಗಾಗಿ, ಅವನು ಮಿಷನ್ನಿಗೆ ಪೆಟ್ರೋಲ್ ಹಾಕಿ, ದಾರ ಬಿಚ್ಚಿಟ್ಟು, ಹುಲ್ಲಿಗೆ ತಾಗದಂತೆ ಹಿಡಿದು ಐದು ನಿಮಿಷ ನಿಲ್ಲಬೇಕು.

"ಕುಯ್ಯದು ಯಾವಾಗ ಸಾ?" ಎಂದು ಅವನು ಒಮ್ಮೆ ನಂಜುಂಡಸ್ವಾಮಿಯವರನ್ನು ಕೇಳಿದ.

"ಕುಯ್ದರೆ ಕೆಲಸ ಮುಗಿಯುತ್ತಲ್ರೀ. ಮುಗಿದ ಮೇಲೆ ನಿಮಗೇನು ಕೆಲಸ?"

ಮೊದಲ ತಿಂಗಳು ದೊಡ್ಡಮಾದಯ್ಯನ ಕೈ ತುರಿಸಿತು. ಎರಡನೇ ತಿಂಗಳು ಕಚೇರಿಯಿಂದ ಒಂದು ಕುರ್ಚಿ ಕೊಟ್ಟರು. ಮೂರನೇ ತಿಂಗಳಿಗೆ, ಹುಲ್ಲಿನ ಸಾಲು ದಾಟಿ ಬಂದ ಊರಿನ ಎಮ್ಮೆಗಳನ್ನು ಅವನೇ ಎದ್ದು ಅಟ್ಟತೊಡಗಿದ.

ನವೆಂಬರಿನ ಒಂದು ಬೆಳಿಗ್ಗೆ, ಕೇಂದ್ರದ ಹುಲ್ಲು ಬರುವುದು ನಿಂತು ಹಸಿದ ಹಸುಗಳು ಅರಚಿಕೊಳ್ಳುತ್ತಿದ್ದವು. ಕೆಂಪಾಜಮ್ಮ ಕುಡುಗೋಲು ಹಿಡಿದು ಮನೆಯ ಹಿಂದಿನ ಬದುವಿಗೆ ಹೋಗಿ, ಒಂದು ಹಿಡಿ ಹುಲ್ಲು ಎಡಗೈಗೆ ಸುತ್ತಿಕೊಂಡಳು. ದೊಡ್ಡಮಾದಯ್ಯ ಒಳಗಿನಿಂದ ಓಡಿ ಬಂದ.

"ತಡಿ ಕಣಮ್ಮಿ! ಫೋಟೊ ಆಗಿಲ್ಲ!"

ಅವಳು ಅವನನ್ನು ನೋಡಿದಳು. ಹಸುಗಳನ್ನು ನೋಡಿದಳು. ಆಮೇಲೆ ಹಿಡಿದ ಹುಲ್ಲು ಬಿಟ್ಟು, ಸೆರಗು ಸರಿಮಾಡಿಕೊಂಡು, ಫೋಟೊದಲ್ಲಿ ಹುಲ್ಲು ಪೂರ್ತಿ ಕಾಣುವ ಹಾಗೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಂತಳು.