ಪ್ರೊಸೆಸರ್ ಫ್ಯಾನೂ ನಮ್ಮ ಗಿರಾಕಿಗಳೂ

ರಾಯಚೂರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನಿಗೆ ನಗುವುದಕ್ಕೆ ಬೇರೆ ಖರ್ಚು ಬೇಕಿಲ್ಲ. ಇಲ್ಲಿನ ಬಿಸಿಲಿಗೆ ಮನುಷ್ಯರ ತಲೆಯೇ ಕೆಟ್ಟುಹೋಗುತ್ತದೆ, ಕಂಪ್ಯೂಟರಿನ ಮಿದುಳಾದ ಪ್ರೊಸೆಸರ್ ಪಾಪ ಎಷ್ಟು ತಡೆದೀತು? ಅದರ ನೆತ್ತಿ ಮೇಲಿನ ಅಂಗೈಯಗಲದ ಫ್ಯಾನು ನಿಂತರೆ ಕಂಪ್ಯೂಟರ್ ಬಿಸಿಯಾಗಿ ತಾನೇ ಬಂದ್ ಆಗುತ್ತದೆ. ಅದೇ ಅಳತೆಯ ಹೊಸದನ್ನು ಕೂರಿಸಿದರೆ ಮುಗಿಯಿತು. ಆದರೆ ನಮ್ಮ ಗಿರಾಕಿಗಳು ಅಷ್ಟು ಸುಲಭಕ್ಕೆ ಮುಗಿಯಗೊಡುವುದಿಲ್ಲ.

ಲೈಟಿನ ಫ್ಯಾನು

ಮದುವೆ ಫೋಟೋ ತೆಗೆಯುವ ಸ್ಟುಡಿಯೋ ಮಾಲೀಕರೊಬ್ಬರು ಬಂದರು. ಆಲ್ಬಮ್ ಮಾಡುವಾಗ ಅವರ ಕಂಪ್ಯೂಟರ್ ಬಂದ್ ಆಗುತ್ತಿತ್ತು. ಸರಿಹೊಂದುವ ಕಪ್ಪು ಫ್ಯಾನು ತೋರಿಸಿದೆ. ಮೂಗು ಮುರಿದು, ಬಣ್ಣಬಣ್ಣವಾಗಿ ಮಿನುಗುತ್ತಿದ್ದ ಇನ್ನೊಂದಕ್ಕೆ ಬೆರಳು ಮಾಡಿದರು.

"ಅದು ದೊಡ್ಡದ್ರಿ, ನಿಮ್ಮ ಪ್ರೊಸೆಸರಿಗೆ ಕೂಡಂಗಿಲ್ಲ," ಎಂದೆ.

"ನಮ್ಮದ್ರಾಗ ಲೈಟ್ ಹತ್ತತಾವೋ ಇಲ್ಲೋ, ಅಷ್ಟು ಹೇಳ್ರಿ."

ಹತ್ತುತ್ತವೆ ಎಂದೆ. ಒಯ್ದು, ತಂತಿ ಸುತ್ತಿ ತಾವೇ ಕಟ್ಟಿಕೊಂಡರು. ಮುಂದೆ ಒಮ್ಮೆ ಸಿಕ್ಕಾಗ, ಕಂಪ್ಯೂಟರ್ ಹೇಗಿದೆ ಎಂದು ಕೇಳಿದೆ.

"ಬಂದ್ ಆಗೋದು ಆಗ್ತದ್ರಿ," ಎಂದರು ಸಂತೋಷದಿಂದ. "ಆದ್ರ ಬಂದ್ ಆಗೂತನಕ ಭಾಳ ಚೆಂದ ಕಾಣ್ತದ."

ಹಾರ ಹಾಕಿಸಿಕೊಂಡ ಫ್ಯಾನು

ಆಯುಧ ಪೂಜೆಯ ಮರುದಿನ ಮಾನ್ವಿಯ ಅಕ್ಕಿ ವ್ಯಾಪಾರಿಯೊಬ್ಬರು ಕರೆಸಿದರು. ಹೋಗಿ ನೋಡಿದರೆ ಕಂಪ್ಯೂಟರಿನ ಡಬ್ಬಿ ಬಿಚ್ಚಿ, ಒಳಗಿನ ಫ್ಯಾನಿಗೇ ವಿಭೂತಿ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿದ್ದಾರೆ! ಸ್ವಿಚ್ ಒತ್ತಿದ್ದೇ ತಡ, ಹಾರ ಸುತ್ತಿಕೊಂಡು ರೆಕ್ಕೆಗಳು ಮುರಿದಿವೆ.

"ಡಬ್ಬಿ ಮ್ಯಾಲೆ ಹಾಕಿದ್ರ ಸಾಲ್ತಿದ್ದಿಲ್ಲೇನ್ರಿ ಸಾವ್ಕಾರ್ರ?"

"ತಿರುಗಿ ದುಡಿಯೋದು ಒಳಗಿಂದು. ಡಬ್ಬಿಗೆ ಯಾಕ ಪೂಜಿ?"

ಹೊಸ ಫ್ಯಾನು ಕೈಗೆ ಕೊಟ್ಟೆ. ಹಿಂದೆ ಮುಂದೆ ತಿರುಗಿಸಿ ನೋಡಿ ವಾಪಸು ಕೊಟ್ಟರು.

"ಹಾರ ಹಾಕಿದ್ರೂ ತಿರುಗೂವಂಥಾದು ತರ್ರಿ. ಟ್ರ್ಯಾಕ್ಟರಿಗೂ ಹಾಕೀವಿ, ಅದೇನು ನಿಂತದೇನು? ನಿಮ್ಮ ಮಾಲೇ ಹಲ್ಕಾ ಅದ."

ಸದ್ದಿಲ್ಲದ ಫ್ಯಾನು

ದೇವದುರ್ಗದ ಒಂದು ಕಚೇರಿಯಲ್ಲಿ ಕಂಪ್ಯೂಟರಿನ ಫ್ಯಾನು ಸವೆದು, ಹಿಟ್ಟಿನ ಗಿರಣಿಯಂತೆ ಗರಗರ ಎನ್ನುತ್ತಿತ್ತು. "ಸಪ್ಪಳಿಲ್ಲದ್ದು ಹಾಕ್ರಿ, ತಲಿ ಚಿಟ್ಟ ಹಿಡದದ," ಎಂದರು ಗುಮಾಸ್ತರು.

ಬಾಗಿಲ ಹೊರಗೆ ಒಬ್ಬ ತಾಯಿ ಕೂತಿದ್ದಳು. ಮಗಳಿಗೆ ಹಾಸ್ಟೆಲ್ ಸೀಟು ಸಿಗಬೇಕಾದರೆ ಅಂದು ಸಂಜೆಯೊಳಗೆ ಆದಾಯ ಪ್ರಮಾಣಪತ್ರ ಕೊಡಬೇಕು. ಕೂಲಿ ಬಿಟ್ಟು ದಿನಾ ಬರುತ್ತಾಳಂತೆ, ಬಾಗಿಲು ಹಾಕಿರುತ್ತದಂತೆ.

"ಬಡೀಬೇಕಿಲ್ಲೇನವ್ವಾ?" ಎಂದೆ.

"ಒಳಗ ಮಷೀನ್ ಸಪ್ಪಳ ಬರ್ತದ ಯಪ್ಪಾ. ಸಾಹೇಬ್ರು ಕೆಲಸದಾಗ ಅದಾರಂತ ಸುಮ್ಮಕ ಕುಂದರ್ತೀನಿ."

ಒಳಗೆ ಹೋದೆ. ಇರುವುದರಲ್ಲೇ ಮೆತ್ತಗೆ ತಿರುಗುವ ಫ್ಯಾನು ಆರಿಸಿ ಕೂರಿಸಿದೆ. ಅದು ತಿರುಗಿದ್ದು ನನಗೇ ಕೇಳಿಸಲಿಲ್ಲ. ಗುಮಾಸ್ತರು ಮೆಚ್ಚಿ, ಊಟ ಮುಗಿಸಿ ಬಂದು, ಆ ತಾಯಿಯತ್ತ ನೋಡದೆ ಎಂದಿನಂತೆ ಬಾಗಿಲು ಹಾಕಿಕೊಂಡರು. ನಾನು ಹೊರಗೆ ಚಹಾ ಕುಡಿಯುತ್ತಿದ್ದೆ. ಒಳಗಿನಿಂದ ಮತ್ತೆ ಗರಗರ ಶುರುವಾಯಿತು. ಹಾಕಿದ್ದು ಇಷ್ಟು ಬೇಗ ಕೆಟ್ಟಿತೇ ಎಂದು ಗಾಬರಿಯಿಂದ ಎದ್ದೆ.

ಆ ತಾಯಿ ಬಾಗಿಲಿಗೆ ಕಿವಿ ಹಚ್ಚಿದಳು.

"ಯಪ್ಪಾ, ಇದು ಮಷೀನ್ ಅಲ್ಲ. ನಮ್ಮ ಮನಿಯಾಂವ ಹಿಂಗಾ ಗೊರಕಿ ಹೊಡೀತಾನ!"

ಎಂದವಳೇ ಎರಡೂ ಕೈಯಿಂದ ಬಾಗಿಲು ಬಡಿದಳು. ಸಂಜೆಯ ಮೊದಲೇ ಪ್ರಮಾಣಪತ್ರ ಅವಳ ಕೈಯಲ್ಲಿತ್ತು.

ಮರುವಾರ ಗುಮಾಸ್ತರ ಫೋನು.

"ಆ ಹಳೀ ಫ್ಯಾನ್ ಇದ್ರ ಹೊಳ್ಳಿ ಹಾಕಿ ಹೋಗ್ರಿ. ಹೊಸಾದು ಕುಂತಾಗಿಂದ ಮಂದಿ ನನ್ನ ಕಡಿಂದ ಕೆಲಸ ಮಾಡಸಾಕತ್ತಾರ!"